ಪೌಲನ ಪತ್ರಗಳಲ್ಲಿ ಯೇಸು ಎಷ್ಟಿದ್ದಾನೆ?

ಹೊಸ ಒಡಂಬಡಿಕೆಯಲ್ಲಿ ಮೊದಲು ಸಿಗುವುದು ಸುವಾರ್ತೆಗಳು, ಪೌಲನ ಪತ್ರಗಳು ಆಮೇಲೆ. ಬರೆದ ಕಾಲ ನೋಡಿದರೆ ಕ್ರಮ ತಿರುವುಮುರುವು. ಪೌಲನದೇ ಎಂದು ಬಹುಪಾಲು ವಿದ್ವಾಂಸರು ಒಪ್ಪುವ ಏಳು ಪತ್ರಗಳು ಸುಮಾರು ಕ್ರಿ.ಶ. 50ರಿಂದ 60ರ ನಡುವಿನವು. ಸುವಾರ್ತೆಗಳು ಹೆಚ್ಚುಕಡಿಮೆ 70ರಿಂದ ಈಚಿನವು. ಈ ಪತ್ರಗಳನ್ನಷ್ಟೇ ಇಟ್ಟುಕೊಂಡು ಓದಿದರೆ ನಜರೇತಿಲ್ಲ, ಗಲಿಲಾಯವಿಲ್ಲ, ಪಿಲಾತನಿಲ್ಲ, ಒಂದು ಸಾಮ್ಯಕಥೆಯೂ ಇಲ್ಲ. ಯೇಸುವಿನ ತಾಯಿಯ ಹೆಸರು ಕೂಡ ಇಲ್ಲ.

ಯೇಸು ಇರಲೇ ಇಲ್ಲ ಎನ್ನುವ ಪಂಥಕ್ಕೆ ಈ ಮೌನವೇ ದೊಡ್ಡ ಬಂಡವಾಳ. 1909ರಲ್ಲಿ ಜರ್ಮನಿಯ ಆರ್ಥರ್ ಡ್ರೆವ್ಸ್, 1999ರಲ್ಲಿ ಕೆನಡಾದ ಅರ್ಲ್ ಡೊಹರ್ಟಿ, 2014ರಲ್ಲಿ ಅಮೆರಿಕದ ರಿಚರ್ಡ್ ಕ್ಯಾರಿಯರ್ ಇದನ್ನು ಪುಸ್ತಕಗಳಾಗಿ ಬೆಳೆಸಿದರು. ಡೊಹರ್ಟಿ ಮತ್ತು ಕ್ಯಾರಿಯರ್ ಹೇಳುವುದಿಷ್ಟು: ಪೌಲನ ಕ್ರಿಸ್ತ ಧರ್ಮಗ್ರಂಥ ಮತ್ತು ದರ್ಶನಗಳಲ್ಲಿ ಮಾತ್ರ ಕಂಡವನು, ದುಷ್ಟಶಕ್ತಿಗಳು ಅವನನ್ನು ಶಿಲುಬೆಗೇರಿಸಿದ್ದು ಆಕಾಶಮಂಡಲದಲ್ಲಿ, ಭೂಮಿಗೆ ಇಳಿಸಿದವರು ಸುವಾರ್ತೆಕಾರರು. ಇದನ್ನು ನಕ್ಕು ತಳ್ಳಿಹಾಕುವ ಚರ್ಚಿನ ಪಂಡಿತರೂ ಪೌಲನ ಸಾಲುಗಳ ನಡುವಿನ ಜಾಗವನ್ನು ಸುವಾರ್ತೆಗಳಿಂದ ತುಂಬಿಕೊಂಡೇ ಓದುತ್ತಾರೆ. ಹಾಗಾಗಿ ಆ ಮೌನದ ಬಗೆಗಿನ ಪ್ರಶ್ನೆ ನ್ಯಾಯವಾದದ್ದೇ.

ಉತ್ತರದ್ದೇ ತೊಂದರೆ. ಯೇಸು ಶರೀರಸಂಬಂಧವಾಗಿ ದಾವೀದನ ವಂಶದವನೆಂದು ರೋಮಾಪುರದವರಿಗೆ ಬರೆದ ಪತ್ರದ ಆರಂಭದಲ್ಲೇ ಇದೆ. ಕ್ಯಾರಿಯರ್ ಇದಕ್ಕೆ ಕೊಡುವ ಒಂದು ವಿವರಣೆಯಲ್ಲಿ ದೇವರು ದಾವೀದನ ಬೀಜವನ್ನು ಮೇಲೆ ಕಾಪಿಟ್ಟು ಅದರಿಂದ ದೇಹ ರೂಪಿಸುತ್ತಾನೆ. ಪುರಾಣ ಬಿಡಿಸಲು ಹೊರಟವರು ಇನ್ನೊಂದು ಪುರಾಣ ಕಟ್ಟಿದಂತಾಯಿತು.

ಯಾಕೋಬನ ವಿಷಯಕ್ಕೆ ಬಂದರೆ ಇಕ್ಕಟ್ಟು ಇನ್ನೂ ಹೆಚ್ಚು. ಗಲಾತ್ಯದವರಿಗೆ ಬರೆಯುವಾಗ ಪೌಲ ಸಿಟ್ಟಿನಲ್ಲಿದ್ದಾನೆ. ತನ್ನ ಸುವಾರ್ತೆ ಯೆರೂಸಲೇಮಿನವರಿಂದ ಕಲಿತದ್ದಲ್ಲ ಎಂದು ಸಾಧಿಸಬೇಕಾಗಿದೆ. ಆದರೂ ಕೇಫನ (ಪೇತ್ರನ) ಜೊತೆ 15 ದಿನ ಇದ್ದದ್ದನ್ನು, ಕರ್ತನ ಸಹೋದರ ಯಾಕೋಬನನ್ನು ಕಂಡದ್ದನ್ನು ಒಪ್ಪಿಕೊಳ್ಳುತ್ತಾನೆ. ಸುಳ್ಳಲ್ಲವೆಂದು ದೇವರ ಮೇಲೆ ಆಣೆಯನ್ನೂ ಇಡುತ್ತಾನೆ. ವಾದಕ್ಕೆ ಅಡ್ಡಬರುವ ಸಂಗತಿಯನ್ನು ಯಾರೂ ಬೇಕೆಂದು ಹುಟ್ಟಿಸಿಕೊಳ್ಳುವುದಿಲ್ಲ. ‘ಸಹೋದರ’ನೆಂದರೆ ದೀಕ್ಷೆ ಪಡೆದ ಸಾಮಾನ್ಯ ವಿಶ್ವಾಸಿ ಎಂದು ಕ್ಯಾರಿಯರ್ ಹೇಳುತ್ತಾರೆ. ಆದರೆ ಅದೇ ಪತ್ರದ ಮುಂದಿನ ಅಧ್ಯಾಯದಲ್ಲಿ ಸಭೆಯ ಸ್ತಂಭಗಳ ಪೈಕಿ ಮೊದಲು ಬರುವ ಹೆಸರು ಯಾಕೋಬನದು. ಅವನ ಕಡೆಯವರು ಬಂದರೆಂದು ಕೇಫನಂಥವನೇ ಹೆದರಿ ಅನ್ಯಜನರ ಊಟದ ಪಂಕ್ತಿಯಿಂದ ಹಿಂದೆ ಸರಿಯುತ್ತಾನೆ. ಸಾಮಾನ್ಯ ವಿಶ್ವಾಸಿಯ ವಾದ ಉಳಿಯಬೇಕಾದರೆ ಯಾಕೋಬರನ್ನು ಇಬ್ಬರು ಮಾಡಬೇಕು. ಈ ಪಂಥದ ರೋಗ ಇರುವುದು ಇಲ್ಲೇ: ಒಂದೊಂದು ವಾಕ್ಯಕ್ಕೂ ಒಂದೊಂದು ಹೊಸ ಊಹೆ.

ಲಂಡನ್ನಿನ ಜಿ. ಎ. ವೆಲ್ಸ್ ಈ ಪಂಥದ ಅತ್ಯಂತ ಎಚ್ಚರದ ಓದುಗ. 1990ರ ದಶಕದಲ್ಲಿ ಅವರು ತಮ್ಮ ನಿಲುವು ಸಡಿಲಿಸಿ, ಸುವಾರ್ತೆಗಳ ಹಳೆಯ ಉಪದೇಶಗಳ ಹಿಂದೆ ಗಲಿಲಾಯದ ಒಬ್ಬ ಬೋಧಕ ಇದ್ದಿರಬಹುದೆಂದು ಒಪ್ಪಿದರು. ಪೌಲನ ಕ್ರಿಸ್ತ ಅವನಲ್ಲ ಎಂಬ ಮಾತನ್ನು ಮಾತ್ರ ಬಿಡಲಿಲ್ಲ.

ಅದಕ್ಕೂ ಅಡ್ಡಬರುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯ. ಹೆಂಡತಿ ಗಂಡನನ್ನು ಬಿಡಬಾರದು, ಗಂಡ ಹೆಂಡತಿಯನ್ನು ಬಿಡಬಾರದು ಎಂಬುದು ಕರ್ತನ ಆಜ್ಞೆ ಎನ್ನುತ್ತಾನೆ ಪೌಲ. ಸಂಗಾತಿ ವಿಶ್ವಾಸಿಯಲ್ಲದಿದ್ದರೆ? ಅದಕ್ಕೆ ತಾನೇ ಹೇಳುತ್ತೇನೆ, ಕರ್ತನಲ್ಲ ಎಂದು ಬೇರ್ಪಡಿಸುತ್ತಾನೆ. ಮದುವೆಯಾಗದವರ ಬಗ್ಗೆ ಕರ್ತನ ಆಜ್ಞೆಯೇ ತನ್ನಲ್ಲಿಲ್ಲ ಎಂದು ತನ್ನ ಅಭಿಪ್ರಾಯವನ್ನಷ್ಟೇ ಕೊಡುತ್ತಾನೆ. ಕರ್ತನ ಮಾತುಗಳೆಲ್ಲ ದರ್ಶನದಲ್ಲೇ ಬರುತ್ತಿದ್ದವಾದರೆ, ಕೊರಿಂಥದವರ ತುರ್ತಿನ ಪ್ರಶ್ನೆಗೆ ಇನ್ನೊಂದು ಮಾತು ಬರುವುದಕ್ಕೆ ಏನು ಅಡ್ಡಿಯಿತ್ತು?