ಉಣ್ಣಿಯ ಮರಿಗೂ ಗುರುತು ಬೇಕು

ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಕಿವಿಯೊಳಗಿನ ಉಣ್ಣಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದು ಯಾವ ಉಣ್ಣಿ ಎಂಬ ಪ್ರಶ್ನೆ ನಮ್ಮ ಕಡೆ ಗಟ್ಟಿಯಾಗಿ ಎದ್ದದ್ದು ಜನ ಸತ್ತ ಮೇಲೆಯೇ. 1957ರಲ್ಲಿ, ಹಾನಗಲ್ಲಿಗೆ ತಾಗಿಕೊಂಡ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಉಣ್ಣಿ ಹರಡುವ, ಮುಂದೆ ಮಂಗನ ಕಾಯಿಲೆ ಎನಿಸಿಕೊಂಡ ರೋಗದಿಂದ ಮಂಗಗಳೂ ಮನುಷ್ಯರೂ ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಉಣ್ಣಿ ಆಯಲು ಕಾಡು ಹೊಕ್ಕರು.

1964ರಲ್ಲಿ ಸಂಶೋಧಕರಾದ ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ಅಲ್ಲಿನ ಹೊಸ ಜಾತಿಯೊಂದನ್ನು ವರ್ಣಿಸಿ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಕರೆದರು. ಹೊಸ ಜಾತಿ ಅಂದರೆ ಸದ್ದು ಜಾಸ್ತಿ. ನನಗೆ ಮಾತ್ರ ಅದೇ ವರ್ಷದ ಇನ್ನೊಂದು ಬರಹವೇ ಹೆಚ್ಚಿನದು: ಟ್ರಾಪಿಡೊ, ವರ್ಮ, ರಾಜಗೋಪಾಲನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹೀಮಾಫೈಸಾಲಿಸ್ ಕುಲದ ಉಣ್ಣಿಗಳನ್ನು ಎಲ್ಲ ಹಂತಗಳಲ್ಲೂ ಗುರುತಿಸಲು ಬರೆದ ಕೈಪಿಡಿ.

ಅದರ ತೂಕವಿರುವುದು 'ಎಲ್ಲ ಹಂತ'ದಲ್ಲಿ. ಮಂಗನ ಕಾಯಿಲೆ ಹರಡುವುದರಲ್ಲಿ ಮುಂದಿರುವ, ಇದೇ ಕುಲದ ಸ್ಪಿನಿಜೆರಾ ಜಾತಿಗೆ ಫ್ರಾನ್ಸಿನ ನ್ಯೂಮಾನ್ 1897ರಲ್ಲೇ ಹೆಸರಿಟ್ಟಿದ್ದ. ಆದರೆ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಬಲಿತ ಉಣ್ಣಿಯಲ್ಲ, ಎಳ್ಳಿಗಿಂತ ಸಣ್ಣದಾದ ಎಂಟು ಕಾಲಿನ ಮರಿ. ಅದಕ್ಕೂ ಹಿಂದಿನ ಹಂತಕ್ಕೆ ಕಾಲು ಆರೇ. ಬಲಿತದ್ದನ್ನು ಬಲ್ಲವನಿಗೂ ಮರಿ ಯಾವ ಜಾತಿಯದೆಂದು ಹೇಳುವುದು ಕಷ್ಟ. ಗುರುತಾದ ಹೆಣ್ಣಿನಿಂದ ಮೊಟ್ಟೆ ಇಡಿಸಿ, ಮರಿ ಸಾಕಿ, ಸೂಕ್ಷ್ಮದರ್ಶಕದಡಿ ಕಾಲಿನ ಬುಡದ ಮುಳ್ಳು, ಬಾಯಿಯ ಅಕ್ಕಪಕ್ಕದ ಅಂಗಗಳ ಆಕಾರ ನೋಡಿ ಚಿತ್ರ ಬರೆದಿಡಬೇಕು. ಬೇಸರದ ಕೆಲಸ, ಹೆಸರೂ ತರುವುದಿಲ್ಲ. ಅದನ್ನು ಮಾಡದಿದ್ದರೆ ಮರಿಯೊಳಗೆ ವೈರಸ್ ಸಿಕ್ಕರೂ ಅದು ಯಾವ ಉಣ್ಣಿಯ ಮರಿ ಎಂದು ಹೇಳುವವರು ಇರುತ್ತಿರಲಿಲ್ಲ.

ಕೊರತೆಯೂ ಇದೆ. ಕೈಪಿಡಿ ಒಂದೇ ಕುಲಕ್ಕೆ ಸೀಮಿತ. ಬ್ಯಾಡಗಿ, ರಾಣೆಬೆನ್ನೂರಿನ ಬಯಲುಸೀಮೆಯಲ್ಲಿ ದನಗಳನ್ನು ಕಾಡುವ ರೈಪಿಸೆಫಲಸ್, ಹಯಲೊಮ್ಮ ಕುಲಗಳು ಅದರಲ್ಲಿಲ್ಲ. ಕುಲಗಳ ಈ ಭೇದ ಬರೀ ಪಂಡಿತರದ್ದಲ್ಲ. ರೈಪಿಸೆಫಲಸ್ ಮೈಕ್ರೊಪ್ಲಸ್ ಮರಿಯಿಂದ ಬಲಿಯುವತನಕ ಒಂದೇ ದನದ ಮೇಲಿರುತ್ತದೆ. ದನಕ್ಕೆ ಔಷಧ ಹಚ್ಚಿದರೆ ಎಲ್ಲ ಹಂತಕ್ಕೂ ತಗಲುತ್ತದೆ. ಹೀಮಾಫೈಸಾಲಿಸ್ ಪ್ರತಿ ಹಂತಕ್ಕೂ ನೆಲಕ್ಕಿಳಿದು ಬೇರೆ ಪ್ರಾಣಿ ಹಿಡಿಯುತ್ತದೆ. ಅಲ್ಲಿ ದನಕ್ಕೆ ಹಚ್ಚಿದ ಔಷಧ ಅರ್ಧ ಕೆಲಸ ಮಾತ್ರ. ಇಷ್ಟು ಉಪಯೋಗದ ವಿದ್ಯೆ ಕೀಟಶಾಸ್ತ್ರದ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಯಿತು, ವಿದ್ವಾಂಸರ ಭಾಷೆಯಲ್ಲಿ, ವಿದ್ವಾಂಸರಿಗಾಗಿ.

ಗುರುತು ಹಿಡಿಯುವವರಿಗೆ ನೆರವಾಗಲೆಂದು ಹಳ್ಳಿಯ ಪಶುವೈದ್ಯರಲ್ಲಿ ಒಂದು ವಿನಂತಿ: ಚಿಮಟದಿಂದ ಕಿತ್ತ ಉಣ್ಣಿಯನ್ನು ಸ್ಪಿರಿಟ್ ಸೀಸೆಗೆ ಹಾಕಿ, ಊರು, ತಾರೀಕು, ಯಾವ ಪ್ರಾಣಿ ಎಂದು ಬರೆದ ಚೀಟಿಯನ್ನು ಒಳಗೇ ಇಡಿ. ಚೀಟಿ ಪೆನ್ಸಿಲ್ಲಿನಲ್ಲಿರಲಿ, ಸ್ಪಿರಿಟ್ಟಿಗೆ ಪೆನ್ನಿನ ಶಾಯಿ ಕರಗಿಹೋಗುತ್ತದೆ.