ವರ್ಣತಂತುಗಳ ಸಾಕ್ಷ್ಯ ಮತ್ತು ರೇಷ್ಮೆಹುಳುವಿನ ವಂಶಚರಿತ್ರೆ: ಒಂದು ವಿಮರ್ಶೆ

ಜೀವಿಗಳ ವಂಶಚರಿತ್ರೆಯನ್ನು ವರ್ಣತಂತುಗಳ ಎಣಿಕೆಯಿಂದ ನಿರ್ಣಯಿಸುವ ಪದ್ಧತಿಯು ಜೀವಶಾಸ್ತ್ರದ ಎಲ್ಲೆಯನ್ನು ದಾಟಿ ಇತಿಹಾಸದ ತರಗತಿಗಳನ್ನೂ ಪ್ರವೇಶಿಸಿದೆ. ಬೆಳೆ, ದನ, ಹುಳು ಇವು ಎಲ್ಲಿಂದ ಬಂದವು ಎಂಬ ಪ್ರಶ್ನೆ ಇತಿಹಾಸಕಾರನದೂ ಆಗಿರುವುದರಿಂದ ಇದು ಸ್ವಾಗತಾರ್ಹವೇ. ಆದರೆ ಯಾವ ಸಾಕ್ಷ್ಯವನ್ನೇ ಆಗಲಿ ಅಂಗೀಕರಿಸುವ ಮುನ್ನ ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂದು ಪರೀಕ್ಷಿಸುವುದು ನಮ್ಮ ಶಾಸ್ತ್ರದ ಮೊದಲ ಕರ್ತವ್ಯ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆಯಿಂದ, ರೇಷ್ಮೆ ಸಾಕುವ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಒಮ್ಮೆ ನಮ್ಮನ್ನು ಹೀಗೆ ಕೇಳಿದನು: “ಚೀನಾದ ಹುಳುವಿಗೂ ನಮ್ಮ ಹುಳುವಿಗೂ ಇಪ್ಪತ್ತೆಂಟೇ ಜೊತೆ ವರ್ಣತಂತು ಎಂದಮೇಲೆ, ಮೈಸೂರು ತಳಿ ಎಂದು ಬೇರೆಯಾಗಿ ಹೇಳುವುದು ಏಕೆ?” ಆಗ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯ ಪುನರ್ವಿಚಾರ.

ಮೊದಲು ಪ್ರಚಲಿತವಾದ ವಾದವನ್ನು ಅದರ ಪೂರ್ಣ ಬಲದೊಡನೆ ಮಂಡಿಸೋಣ. ಸಾಕು ರೇಷ್ಮೆಹುಳುವಾದ ಬಾಂಬಿಕ್ಸ್ ಮೋರಿಯಲ್ಲಿ ೨೮ ಜೊತೆ ವರ್ಣತಂತುಗಳಿವೆ. ಇದರ ಅತಿ ಸಮೀಪದ ಕಾಡುಬಂಧು ಬಾಂಬಿಕ್ಸ್ ಮ್ಯಾಂಡರಿನ. ಚೀನಾದ ಮ್ಯಾಂಡರಿನದಲ್ಲಿ ೨೮ ಜೊತೆಗಳು, ಜಪಾನಿನದರಲ್ಲಿ ೨೭. ಎಣಿಕೆಯಲ್ಲಿ ಸಾಕುಹುಳುವು ಚೀನಾದ ಕಾಡುಹುಳುವಿಗೆ ಸಮನಾಗಿರುವುದರಿಂದ ಅದರಿಂದಲೇ ಹುಟ್ಟಿತೆಂಬುದು ವಾದ. ನಾವೂ ಕೆಲವು ವರ್ಷ ಹೀಗೆಯೇ ಪಾಠ ಹೇಳಿದ್ದೇವೆ. ನಿರ್ಣಯವೇನೋ ಸರಿಯೇ, ಅದನ್ನು ತಲಪಿದ ದಾರಿ ಮಾತ್ರ ಸರಿಯಲ್ಲ.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಇಲ್ಲಿರುವ ದೋಷವು ಒಡನೆಯೇ ಹೊಳೆದೀತು. ಎರಡು ಪ್ರತಿಗಳಲ್ಲಿ ಒಂದೇ ಶುದ್ಧಪಾಠವಿದ್ದ ಮಾತ್ರಕ್ಕೆ ಒಂದು ಇನ್ನೊಂದರ ನಕಲೆಂದು ಯಾರೂ ಹೇಳುವುದಿಲ್ಲ; ಮೂಲದ ಪಾಠವನ್ನು ಎರಡೂ ಬೇರೆಬೇರೆಯಾಗಿ ಉಳಿಸಿಕೊಂಡಿರಬಹುದು. ಲಿಪಿಕಾರನೊಬ್ಬನ ವಿಶಿಷ್ಟ ಸ್ಖಾಲಿತ್ಯವು ಎರಡರಲ್ಲಿಯೂ ಕಂಡಾಗಲೇ ಅವುಗಳ ಬಂಧುತ್ವ ಸಿದ್ಧಿಸುತ್ತದೆ. ಪತಂಗ ಮತ್ತು ಚಿಟ್ಟೆಗಳ ವರ್ಗದ ಪ್ರಾಚೀನ ಎಣಿಕೆ ೩೧ ಜೊತೆಯೆಂದು ಅನೇಕ ಜಾತಿಗಳ ತುಲನೆಯಿಂದ ತಿಳಿದುಬಂದಿದೆ. ರೇಷ್ಮೆಹುಳುವಿನ ಪೂರ್ವಜರಲ್ಲಿ ವರ್ಣತಂತುಗಳು ಮೂರು ಕಡೆ ಬೆಸೆದು ೨೮ ಉಳಿದವು. ಜಪಾನಿನ ಕಾಡುಹುಳುವಿನಲ್ಲಿ ಮತ್ತೊಂದು ಬೆಸುಗೆಯಾಗಿ ೨೭ ಆಯಿತು. ಈ ಕೊನೆಯ ಬೆಸುಗೆಯೇ ಲಿಪಿಕಾರನ ಸ್ಖಾಲಿತ್ಯದಂಥದು. ಅದು ಸಾಕುಹುಳುವಿನಲ್ಲಿಲ್ಲ; ಆದುದರಿಂದ ಸಾಕುಹುಳುವು ಜಪಾನಿನ ಶಾಖೆಯ ಸಂತಾನವಲ್ಲವೆನ್ನಲು ಬಲವಾದ ಆಧಾರವುಂಟು. ಚೀನಾದ ಹುಳುವಿನೊಡನೆ ಇರುವ ಸಾಮ್ಯವಾದರೋ, ಬೆಸುಗೆಗೆ ಹಿಂದಿನ ಪಾಠವನ್ನು ಎರಡೂ ಉಳಿಸಿಕೊಂಡವೆಂಬುದನ್ನು ಮಾತ್ರ ತೋರಿಸುತ್ತದೆ. ಎಂದರೆ, ಎಣಿಕೆಯು ಒಂದು ಪಕ್ಷವನ್ನು ತಳ್ಳಿಹಾಕಿತೇ ಹೊರತು ಇನ್ನೊಂದನ್ನು ಸ್ಥಾಪಿಸಲಿಲ್ಲ.

ಎಣಿಕೆಯನ್ನೇ ಜಾತಿಯ ಗುರುತೆಂದು ಹಿಡಿಯುವುದರಲ್ಲಿಯೂ ಅಪಾಯವಿದೆ. ಸಾಕುಹುಳುವನ್ನೂ ಜಪಾನಿನ ಕಾಡುಹುಳುವನ್ನೂ ಕೂಡಿಸಿದರೆ ೫೫ ವರ್ಣತಂತುಗಳ ಸಂಕರ ಹುಟ್ಟುತ್ತದೆ; ಅವುಗಳಲ್ಲಿ ೨೬ ಜೊತೆಗಳಾಗಿ, ಉಳಿದ ಮೂರು ಒಂದಾಗಿ ಕೂಡಿಕೊಳ್ಳುತ್ತವೆ; ಸಂಕರಕ್ಕೆ ಸಂತಾನವೂ ಆಗುತ್ತದೆ. ದಕ್ಷಿಣ ಅಮೆರಿಕದ ನದಿಗಳಲ್ಲಿರುವ ಸಿಹಿನೀರಿನ ತೊರಕೆ ಮೀನುಗಳ ನಿದರ್ಶನ ಇನ್ನೂ ಸ್ಪಷ್ಟವಾದುದು. ಪೊಟಮೊಟ್ರೈಗಾನ್ ಎಂಬ ಈ ಕುಲದ ಕೆಲವು ಬಗೆಗಳಲ್ಲಿ ಹೆಣ್ಣಿಗೆ ೬೬, ಗಂಡಿಗೆ ೬೫ ವರ್ಣತಂತುಗಳು. ಲಿಂಗವನ್ನು ನಿರ್ಧರಿಸುವ ತಂತುಗಳಲ್ಲಿ ಬೆಸುಗೆಯಾಗಿರುವುದೇ ಇದಕ್ಕೆ ಕಾರಣ. ಗಂಡನ್ನಷ್ಟೇ ನೋಡಿದವನೂ ಹೆಣ್ಣನ್ನಷ್ಟೇ ನೋಡಿದವನೂ ಒಂದೇ ಮೀನನ್ನು ಎರಡು ಜಾತಿಯೆಂದು ಸಾರಬಹುದು. ಈ ಮೀನುಗಳ ಪೂರ್ವಜರು ಕಡಲಿನಿಂದ ನದಿಗೆ ಬಂದವೆಂಬುದರಲ್ಲಿ ವಿವಾದವಿಲ್ಲ. ಯಾವ ಕಡಲಿನಿಂದ ಎಂಬ ಚರ್ಚೆಯಲ್ಲಿ ಮಾತ್ರ, ೧೯೮೧ರಲ್ಲಿ ಬ್ರೂಕ್ಸ್ ಮತ್ತು ಸಂಗಡಿಗರು ಪರೋಪಜೀವಿಗಳ ಆಧಾರದಿಂದ ಪೆಸಿಫಿಕ್ ಸಾಗರವನ್ನು ಸೂಚಿಸಿದರು. ೧೯೯೮ರಲ್ಲಿ ಲವ್‌ಜಾಯ್ ಮತ್ತು ಸಂಗಡಿಗರು ಆನುವಂಶಿಕ ದ್ರವ್ಯದ ಆಧಾರದಿಂದ ಕೆರಿಬಿಯನ್ ಕಡೆಗೆ ಬೊಟ್ಟುಮಾಡಿದರು. ಎರಡು ಪಕ್ಷಗಳೂ ಬರಿಯ ಎಣಿಕೆಯನ್ನು ನೆಚ್ಚಲಿಲ್ಲವೆಂಬುದು ಗಮನಾರ್ಹ.

ರೇಷ್ಮೆಹುಳುವಿನ ವಿಷಯದಲ್ಲಿಯೂ ಎಣಿಕೆ ನಿಂತಲ್ಲಿಂದ ಮುಂದೆ ನಡೆಸಿದುದು ವರ್ಣತಂತುಗಳ ಒಳಗಿನ ಬರಹವೇ. ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ೨೯ ಸಾಕುತಳಿಗಳ ಮತ್ತು ೧೧ ಕಾಡುಹುಳುಗಳ ಆನುವಂಶಿಕ ಪಾಠವನ್ನು ಹೋಲಿಸಿ ನೋಡಲಾಯಿತು. ಸಾಕುತಳಿಗಳೆಲ್ಲವೂ ಒಂದು ಗುಂಪಾಗಿ ಕಾಡುಹುಳುಗಳಿಂದ ಬೇರೆಯಾಗಿ ನಿಂತವು. ಪಳಗಿಸುವಿಕೆ ಒಂದೇ ಬಾರಿ, ಬಹುಸಂಖ್ಯೆಯ ಹುಳುಗಳಿಂದ ನಡೆಯಿತೆಂಬ ನಿರ್ಣಯಕ್ಕೆ ಅದು ಎಡೆಮಾಡಿತು. ಎಣಿಕೆಯು ಗ್ರಂಥದಲ್ಲಿ ಎಷ್ಟು ಗರಿಗಳಿವೆಯೆಂದು ಹೇಳಿದರೆ, ಈ ಹೋಲಿಕೆಯು ಗರಿಗಳ ಮೇಲಿನ ಅಕ್ಷರವನ್ನು ಓದಿತು.

ಇನ್ನು ನಮ್ಮ ಸೀಮೆಯ ಮಾತು. ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸುವ ಪ್ರಯತ್ನವು ಟಿಪ್ಪು ಸುಲ್ತಾನನ ೧೭೮೬ರ ಪತ್ರದಿಂದ ತಿಳಿಯುತ್ತದೆ. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಮೈಸೂರು ಸರಕಾರವು ಕರೆಸಿಕೊಂಡುದೂ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ಆರಂಭವಾದುದೂ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಸಂಗತಿಗಳು. ೧೯೬೧ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನ ಮತ್ತು ತರಬೇತಿ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಂದ ದ್ವಿತಳಿಯ ಹೊಸ ತಳಿಗಳು ಹೊರಬಂದವು. ಇಷ್ಟು ಚರಿತ್ರೆ ನಡೆದಿದ್ದರೂ ೨೮ ಎಂಬ ಎಣಿಕೆ ಒಂದಿಷ್ಟೂ ಅಲುಗಲಿಲ್ಲ. ಆದುದರಿಂದ ಈ ಚರಿತ್ರೆಗೆ ಪತ್ರ, ದಫ್ತರ, ಸಾಕುವವರ ನೆನಪು ಇವೇ ಸಾಕ್ಷ್ಯವಾಗಬೇಕು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಮೈಸೂರು ತಳಿಯ ಮೊಟ್ಟೆ ಚಳಿಗಾಲವನ್ನು ಕಾಯದೆ ವರ್ಷವಿಡೀ ಒಡೆಯುತ್ತದೆ. ಹುಳುವು ನಮ್ಮ ಸೆಕೆಯನ್ನು ತಾಳುತ್ತದೆ. ಅದರ ಗೂಡಿನ ಎಳೆ ಮಾತ್ರ ದ್ವಿತಳಿಯ ಎಳೆಯಷ್ಟು ಉದ್ದವಿಲ್ಲ. ಇದನ್ನು ತಾಯಿಯಾಗಿಯೂ ದ್ವಿತಳಿಯನ್ನು ತಂದೆಯಾಗಿಯೂ ಕೂಡಿಸಿ ಪಡೆದ ಮಿಶ್ರತಳಿಯ ಗೂಡುಗಳೇ ರಾಮನಗರದ ಮಾರುಕಟ್ಟೆಗೆ ಬಹುಕಾಲದಿಂದ ಬರುತ್ತಿವೆ. ಆ ಗೂಡಿನಿಂದಲೇ ಮುಂದಿನ ಬೆಳೆಗೆ ಬಿತ್ತನೆ ತೆಗೆದರೆ ಗುಣಗಳು ಚದರಿಹೋಗುತ್ತವೆ. ಆದುದರಿಂದ ಮಾಗಡಿ, ಕುಣಿಗಲ್ ಮೊದಲಾದ ಬಿತ್ತನೆ ಪ್ರದೇಶಗಳಲ್ಲಿ ಶುದ್ಧ ಮೈಸೂರು ತಳಿಯನ್ನು ಕಾಪಾಡಿಕೊಂಡು ಬರುವ ರೈತರ ಮೇಲೆ ಉಳಿದವರ ಬೆಳೆ ನಿಂತಿದೆ. ಆ ಕೆಲಸವು ನಿಂತುಹೋದರೆ ತಳಿಯು ಅಳಿಯುತ್ತದೆ; ಉಳಿದ ಹುಳುಗಳಲ್ಲಿ ಎಣಿಕೆ ಮಾತ್ರ ೨೮ ಆಗಿಯೇ ಇರುತ್ತದೆ. ನಷ್ಟವಾದುದೇನೆಂದು ಆ ಎಣಿಕೆಯನ್ನು ನೋಡಿ ಯಾರೂ ಹೇಳಲಾರರು.

ವರ್ಣತಂತುಗಳ ಶಾಸ್ತ್ರವನ್ನು ಇತಿಹಾಸದ ಅಧ್ಯಾಪಕರು ದೂರವಿಡಬೇಕೆಂದು ನಾವು ಹೇಳುತ್ತಿಲ್ಲ. ಶಾಸನವನ್ನು ಓದುವಾಗ ಲಿಪಿ, ಕಾಲ, ಉದ್ದೇಶಗಳನ್ನು ಹೇಗೆ ವಿಚಾರಿಸುತ್ತೇವೆಯೋ ಹಾಗೆಯೇ ಇದನ್ನೂ ವಿಚಾರಿಸಿ ಬಳಸಬೇಕೆಂಬುದಷ್ಟೇ ನಮ್ಮ ನಮ್ರ ಅಭಿಪ್ರಾಯ. ಎಣಿಕೆ ಒಂದಾದ ಮಾತ್ರಕ್ಕೆ ಚರಿತ್ರೆಯೂ ಒಂದೇ ಎಂದು ನಾವು ಪಾಠ ಹೇಳಿದರೆ, ಬಿತ್ತನೆಯ ಹುಳುವನ್ನು ಸಾಕುವ ಮನೆಗಳ ಶ್ರಮಕ್ಕೆ ಅರ್ಥವಿಲ್ಲವೆಂದು ಆ ಮನೆಗಳ ಮಕ್ಕಳಿಗೇ ಕಲಿಸಿದಂತಾಗುತ್ತದೆ.