ಮೈಲಿಯೂ ಮರ್ಯಾದೆಯೂ: ಒಂದು ನಿಯಮಾವಳಿಯ ವ್ಯಾಖ್ಯಾನ

ವಿಮಾನ ಕಂಪನಿಗಳ ಫ್ರೀಕ್ವೆಂಟ್ ಫ್ಲೈಯರ್ ಯೋಜನೆಗೆ ಸೇರುವಾಗ ನಿಯಮಾವಳಿಯನ್ನು ಯಾರೂ ಓದುವುದಿಲ್ಲ. ಒಪ್ಪಿಗೆಯ ಚೌಕ ಒತ್ತಿ ಮುಂದೆ ಹೋಗುತ್ತೇವೆ. ಕಂಪನಿ ಯಾವುದಾದರೂ ಅದರ ತಿರುಳು ಏಳೆಂಟು ಸಾಲಿಗಿಂತ ಹೆಚ್ಚಿಲ್ಲ. ಆ ಸಾಲುಗಳನ್ನು ನನ್ನ ಮಾತಿನಲ್ಲಿ ಇಳಿಸಿಕೊಂಡು, ಹೊಸದಾಗಿ ಸೇರುವವರಿಗಾಗಿ ಇಲ್ಲಿ ಬಿಡಿಸಿದ್ದೇನೆ.

“ಸದಸ್ಯತ್ವ ಉಚಿತ. ಖಾತೆಯ ಹೆಸರೂ ಟಿಕೆಟ್ಟಿನ ಹೆಸರೂ ಒಂದೇ ಇರತಕ್ಕದ್ದು.”

ಉಚಿತ ನಿಜ, ಧರ್ಮಕ್ಕೆ ಅಲ್ಲ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲವಾದಾಗ ಕಂಪನಿಗಳಿಗೆ ಗಿರಾಕಿಗಳು ಕೈತಪ್ಪುವ ಭಯ ಶುರುವಾಯಿತು. ಮರುವರ್ಷ ಟೆಕ್ಸಾಸ್ ಇಂಟರ್‌ನ್ಯಾಷನಲ್, 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್, ಅದರ ಬೆನ್ನಿಗೇ ಯುನೈಟೆಡ್ ಮೈಲಿ ಲೆಕ್ಕಕ್ಕೆ ಕೂತವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಯುನೈಟೆಡ್ ಇದೇ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಕ್ರೆಡಿಟ್ ಕಾರ್ಡಿನ ಗಿರಾಕಿಗಳಿಗೆ ಹಂಚಲೆಂದು ಬ್ಯಾಂಕುಗಳು ಕೊಳ್ಳುವ ಮೈಲಿಯಿಂದ ಬರುವ ಹಣ ಅಷ್ಟು ಗಟ್ಟಿ.

ಸಾಲಿನ ಎರಡನೆಯ ಭಾಗ ನಮ್ಮ ಕಡೆಯವರಿಗೆ ಹೆಚ್ಚು ಕಾಟ ಕೊಡುತ್ತದೆ. ಊರಿನ ಹೆಸರಿಗೊಂದು, ಅಪ್ಪನ ಹೆಸರಿಗೊಂದು ಇನಿಷಿಯಲ್ ಇಟ್ಟುಕೊಂಡವರು ಖಾತೆ ತೆರೆಯುವಾಗ ‘ಎಚ್. ಎನ್.’ ಎಂದಷ್ಟೇ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಎರಡೂ ಉದ್ದಕ್ಕೆ ಬಿಡಿಸಿಕೊಂಡು ಕೂತಿರುತ್ತವೆ. ಸರ್‌ನೇಮ್ ಜಾಗ ಖಾಲಿ ಇರುವವರ ಪಾಡು ಇನ್ನೂ ವಿಚಿತ್ರ: ಅಮೆರಿಕದ ವೀಸಾದಲ್ಲಿ ಅವರ ಸ್ವಂತ ಹೆಸರು ಸರ್‌ನೇಮ್ ಜಾಗಕ್ಕೆ ಸರಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಕಂಪ್ಯೂಟರಿಗೆ ಖಾತೆಯ ಹೆಸರಿನವರೂ ಟಿಕೆಟ್ಟಿನ ಹೆಸರಿನವರೂ ಬೇರೆ ಬೇರೆ ಜನ, ಮೈಲಿ ಜಮಾ ಆಗುವುದಿಲ್ಲ. ಖಾತೆ ತೆರೆಯುವಾಗ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬುವುದೇ ಇದಕ್ಕೆ ಮದ್ದು.

“ಪ್ರತಿ ಪ್ರಯಾಣಕ್ಕೂ ಮೈಲಿಗಳು ಮತ್ತು ಶ್ರೇಣಿ ಪಾಯಿಂಟುಗಳು ಸಲ್ಲುತ್ತವೆ.”

ಹೊಸಬರು ಎಡವುವುದು ಇಲ್ಲಿ. ಎರಡೂ ಒಂದೇ ಎಂದುಕೊಳ್ಳುತ್ತಾರೆ. ಮೈಲಿ ಉಳಿತಾಯ ಖಾತೆಯ ಪಾಸ್‌ಬುಕ್ಕಾದರೆ ಶ್ರೇಣಿ ಪಾಯಿಂಟು ಹಾಜರಿ ಪುಸ್ತಕ. ಮೊದಲನೆಯದನ್ನು ಕೂಡಿಡಬಹುದು, ಟಿಕೆಟ್ಟಿಗೆ ಖರ್ಚು ಮಾಡಬಹುದು, ಕ್ರೆಡಿಟ್ ಕಾರ್ಡಿನಿಂದಲೂ ತುಂಬಬಹುದು. ಎರಡನೆಯದು ಮುಖ್ಯವಾಗಿ ಹಾರಿದ್ದಕ್ಕೆ ಸಿಗುವಂಥದ್ದು, ಖರ್ಚಿಗೆ ಬರುವುದಿಲ್ಲ, ವರ್ಷ ಮುಗಿದರೆ ಮತ್ತೆ ಸೊನ್ನೆ. ಸ್ಟೇಟಸ್ ಅನ್ನುವ ಮರ್ಯಾದೆ ನಿರ್ಧಾರವಾಗುವುದು ಈ ಎರಡನೆಯದರಿಂದ. ಕಾರ್ಡಿನಿಂದ ಲಕ್ಷ ಮೈಲಿ ಕೂಡಿಟ್ಟವರು ಚೆಕ್-ಇನ್ ಸಾಲಿನಲ್ಲಿ ಎಲ್ಲರ ಹಿಂದೆಯೇ ನಿಂತಿರುವುದು ಇದಕ್ಕೇ. ಆದರೆ ಅಮೆರಿಕನ್ ಏರ್‌ಲೈನ್ಸ್ 2022ರಿಂದ ಕಾರ್ಡಿನ ಖರ್ಚನ್ನೂ ಶ್ರೇಣಿಗೆ ಲೆಕ್ಕ ಹಿಡಿಯುವಷ್ಟು ಉದಾರವಾಗಿದೆ.

ಅಂದಹಾಗೆ, ಟಿಕೆಟ್ಟಿಗೆ ದುಡ್ಡು ಕೊಟ್ಟವರು ಆಫೀಸಿನವರಾದರೂ ಮೈಲಿ ಸೀಟಿನಲ್ಲಿ ಕೂತವರದು. ಕಂಪನಿಯ ಟ್ರಾವೆಲ್ ಡೆಸ್ಕಿಗೆ ಸದಸ್ಯ ಸಂಖ್ಯೆ ಕೊಡಲು ಸಂಕೋಚ ಬೇಡ.

“ಗಳಿಕೆಯು ದರ ಹಾಗೂ ಬುಕಿಂಗ್ ಕ್ಲಾಸಿಗೆ ಅನುಗುಣವಾಗಿರುತ್ತದೆ.”

ಪಕ್ಕಪಕ್ಕದ ಎರಡು ಇಕಾನಮಿ ಸೀಟು, ಅದೇ ಊಟ, ಅದೇ ಇಕ್ಕಟ್ಟು. ಆದರೂ ಇ-ಟಿಕೆಟ್ಟಿನ ಮೂಲೆಯಲ್ಲಿ ಒಬ್ಬರಿಗೆ ‘ವೈ’ ಎಂದಿರುತ್ತದೆ, ಇನ್ನೊಬ್ಬರಿಗೆ ಬೇರೆ ಅಕ್ಷರ. ‘ವೈ’ ಅಂದರೆ ಪೂರ್ತಿ ದರದ ಇಕಾನಮಿ. ಉಳಿದ ಅಕ್ಷರಗಳು ರಿಯಾಯಿತಿಯ ಮೆಟ್ಟಿಲುಗಳು. ತಳದ ಮೆಟ್ಟಿಲಿನ ಟಿಕೆಟ್ಟಿಗೆ ದೂರದ ಅರ್ಧದಷ್ಟು ಮೈಲಿ ಸಿಗಬಹುದು, ಕೆಲವು ಕಡೆ ಏನೂ ಸಿಗದಿರಬಹುದು. ಈಗ ಹಲವರು ದೂರದ ಲೆಕ್ಕವನ್ನೇ ಕೈಬಿಟ್ಟು ಕೊಟ್ಟ ದುಡ್ಡನ್ನು ಎಣಿಸುತ್ತಿದ್ದಾರೆ: ಏರ್ ಇಂಡಿಯಾ 2024ರಲ್ಲಿ ಹಾಗೆ ಬದಲಾಯಿತು, ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಲ್ಲಿ. ಅಗ್ಗದ ಟಿಕೆಟ್ಟಿನಲ್ಲಿ ದೂರ ದೂರ ಹಾರಿ ಶ್ರೇಣಿ ಗಿಟ್ಟಿಸುವ ಹಳೆಯ ಚಾಲಾಕಿತನ ಬಹುಪಾಲು ಮುಗಿದ ಕಥೆ.

“ಪಾಲುದಾರ ವಿಮಾನಗಳಲ್ಲಿನ ಪ್ರಯಾಣವೂ ಸಲ್ಲುತ್ತದೆ. ಒಂದು ಪ್ರಯಾಣ ಒಂದೇ ಖಾತೆಗೆ.”

ನನ್ನ ಮಟ್ಟಿಗೆ ಇಡೀ ನಿಯಮಾವಳಿಯ ಜೀವ ಈ ಸಾಲಿನಲ್ಲಿದೆ. ಯಾವ ವಿಮಾನ ಹತ್ತಿದರೆ ಅದರ ಖಾತೆಯನ್ನೇ ತುಂಬಬೇಕೆಂದಿಲ್ಲ. 1997ರಲ್ಲಿ ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಎಸ್‌ಎಎಸ್, ಥಾಯ್ ಸೇರಿ ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿದವು. ಎರಡು ವರ್ಷದ ನಂತರ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಹಾಗಾಗಿ ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್, ಅಲ್ಲಿಂದ ಯುನೈಟೆಡ್‌ನಲ್ಲಿ ಷಿಕಾಗೋ ಹೋದವರು ಎರಡನ್ನೂ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೋ ಅದೇ ಒಕ್ಕೂಟದ ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರಿಗೋ ಬರೆಸಬಹುದು. ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ ಚೆಲ್ಲಿದರೆ ಯಾವುದೂ ಕೂಡಿಬರುವುದಿಲ್ಲ. ಮುಂದಿನ ಒಂದೆರಡು ವರ್ಷ ನೀವು ಹೋಗಲಿರುವ ಊರುಗಳನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಒಕ್ಕೂಟ, ಕೊನೆಗೆ ಖಾತೆ. ಜನ ಸಾಮಾನ್ಯವಾಗಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಕೊಲ್ಲಿಯ ಎಮಿರೇಟ್ಸ್, ಎತಿಹಾದ್ ಯಾವ ಒಕ್ಕೂಟದಲ್ಲೂ ಇಲ್ಲ. ಕತಾರ್ ಏರ್‌ವೇಸ್ ಒನ್‌ವರ್ಲ್ಡ್‌ನಲ್ಲಿದೆ. ದೇಶದೊಳಗೆ ಹುಬ್ಬಳ್ಳಿ, ಮಂಗಳೂರು, ದೆಹಲಿ ಎಂದು ಓಡಾಡುವವರಿಗೆ ಸಿಗುವುದು ಹೆಚ್ಚಾಗಿ ಇಂಡಿಗೋ. ಪ್ರಯಾಣ ಎಣಿಸಿ ಶ್ರೇಣಿ ಕೊಡುವ ಯೋಜನೆಯೇ ಇಲ್ಲದೆ ಅದು ದೇಶದ ಅತಿ ದೊಡ್ಡ ಕಂಪನಿಯಾಯಿತು. ಬ್ಲೂಚಿಪ್ ಎಂಬ ಅಂಥ ಯೋಜನೆ ಬಂದದ್ದು 2024ರಲ್ಲಿ. ಸಮಯಕ್ಕೆ ಸರಿಯಾಗಿ ಹೊರಡುವ ವಿಮಾನ, ಕಡಿಮೆ ದರ ಇದ್ದರೆ ಜನ ಮೈಲಿ ಕೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

“ಹನ್ನೆರಡು ತಿಂಗಳಲ್ಲಿ ನಿಗದಿತ ಪಾಯಿಂಟು ಮುಟ್ಟಿದವರಿಗೆ ಬೆಳ್ಳಿ, ಚಿನ್ನ ಮೊದಲಾದ ಶ್ರೇಣಿ.”

ಲೆಕ್ಕ ಹಾಕಿಯೇ ನೋಡೋಣ. ಕ್ರಿಸ್‌ಫ್ಲೈಯರ್‌ನಲ್ಲಿ ಬೆಳ್ಳಿಗೆ 25,000, ಚಿನ್ನಕ್ಕೆ 50,000 ಶ್ರೇಣಿ ಮೈಲಿ ಬೇಕು. ಬೆಂಗಳೂರಿನಿಂದ ಸಿಂಗಪುರ ಸುಮಾರು 2,000 ಮೈಲಿ, ಹೋಗಿಬಂದರೆ 4,000. ಚಿನ್ನ ಮುಟ್ಟಲು ಪೂರ್ತಿ ಮೈಲಿ ಕೊಡುವ ದರದಲ್ಲೇ ಹದಿಮೂರು ಸಲ ಹೋಗಿಬರಬೇಕು. ಅರ್ಧ ಕೊಡುವ ಅಗ್ಗದ ದರವಾದರೆ ಇಪ್ಪತ್ತೈದು ಸಲ. ವರ್ಷಕ್ಕೊಮ್ಮೆ ಮೊಮ್ಮಗುವನ್ನು ನೋಡಲು ಹೋಗುವ ಅಜ್ಜ-ಅಜ್ಜಿಗೆ ಇದು ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ. ಅವರು ಮೈಲಿ ಕೂಡಿಟ್ಟರೆ ಸಾಕು. ಎಮಿರೇಟ್ಸ್, ಬ್ರಿಟಿಷ್ ಏರ್‌ವೇಸ್‌ನಂಥವು ಮನೆಮಂದಿಯ ಮೈಲಿಯನ್ನು ಒಂದೇ ಖಾತೆಗೆ ಸೇರಿಸಲು ಬಿಡುತ್ತವೆ. ಶ್ರೇಣಿ ಮಾತ್ರ ಅವರವರದೇ.

ವರ್ಷದ ಕೊನೆಗೆ ನಾಲ್ಕು ಪಾಯಿಂಟು ಕಡಿಮೆ ಬಿತ್ತೆಂದು ಕೆಲಸವಿಲ್ಲದ ಊರಿಗೆ ಹಾರಿ ಬರುವವರಿದ್ದಾರೆ. ಆ ಟಿಕೆಟ್ಟಿನ ದುಡ್ಡಿನಲ್ಲಿ ಎಷ್ಟು ಸಲ ಲೌಂಜಿನ ಊಟ ಕೊಳ್ಳಬಹುದಿತ್ತು ಎಂದು ಅವರನ್ನು ಕೇಳಬಾರದು.

“ಚಿನ್ನದ ಶ್ರೇಣಿಗೆ ಲೌಂಜ್, ಹೆಚ್ಚುವರಿ ಸಾಮಾನು, ಆದ್ಯತೆಯ ಸೇವೆ.”

ಬೆಳ್ಳಿಯ ವಿಷಯ ಮೊದಲು ಮುಗಿಸೋಣ: ಸ್ಟಾರ್ ಅಲಯನ್ಸ್‌ನ ಬೆಳ್ಳಿಗೆ ಒಕ್ಕೂಟದ ಉದ್ದಕ್ಕೂ ಸಿಗುವುದು ವೇಟಿಂಗ್ ಲಿಸ್ಟಿನಲ್ಲಿ ಆದ್ಯತೆ, ಅಷ್ಟೇ. ಆಟ ಶುರುವಾಗುವುದು ಚಿನ್ನದಿಂದ. ಲೌಂಜಿಗೆ ನೀವು ಮತ್ತು ಜೊತೆಗೊಬ್ಬರು. ತೂಕದ ಲೆಕ್ಕದ ಹಾದಿಯಲ್ಲಿ 20 ಕೆ.ಜಿ. ಹೆಚ್ಚು, ಪೆಟ್ಟಿಗೆ ಲೆಕ್ಕದ ಹಾದಿಯಲ್ಲಿ ಇನ್ನೊಂದು ಪೆಟ್ಟಿಗೆ. ಚಟ್ನಿಪುಡಿ, ಹುರಿಗಾಳು, ಕೋಡುಬಳೆ ತುಂಬಿದ ಸೂಟ್‌ಕೇಸನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಎತ್ತಿ ಇಳಿಸಿ, ಎರಡು ಸೀರೆ ತೆಗೆದು ಮತ್ತೆ ಎತ್ತುವ ಮನೆಗಳಲ್ಲಿ ಲೌಂಜಿಗಿಂತ ಈ ಹೆಚ್ಚುವರಿ ಪೆಟ್ಟಿಗೆಯೇ ದೊಡ್ಡದು. ಲೌಂಜಿಗಾದರೋ ನಮ್ಮ ದೇಶದಲ್ಲಿ ಕ್ರೆಡಿಟ್ ಕಾರ್ಡ್ ತೋರಿಸಿ ಒಳಗೆ ಹೋಗುವವರ ಸಾಲೇ ಬಾಗಿಲಾಚೆ ಬೆಳೆದಿರುತ್ತದೆ.

ಒಂದು ತಮಾಷೆ ಇದೆ. ಅಮೆರಿಕದೊಳಗಿನ ಪ್ರಯಾಣದಲ್ಲಿ ಯುನೈಟೆಡ್ ತನ್ನದೇ ಚಿನ್ನದ ಸದಸ್ಯರನ್ನು ಬರೀ ಆ ಶ್ರೇಣಿಯ ಬಲದ ಮೇಲೆ ತನ್ನ ಲೌಂಜಿಗೆ ಬಿಡುವುದಿಲ್ಲ. ಏರ್ ಇಂಡಿಯಾದಲ್ಲೋ ಸಿಂಗಪುರದಲ್ಲೋ ಚಿನ್ನ ಗಳಿಸಿದವರು ಅದೇ ಬಾಗಿಲಲ್ಲಿ ಸಲೀಸಾಗಿ ಒಳಗೆ ಹೋಗುತ್ತಾರೆ. ಯುನೈಟೆಡ್‌ನಲ್ಲೇ ಹಾರುವ ಅಮೆರಿಕದ ಕನ್ನಡಿಗರು ಖಾತೆಯನ್ನು ಬೇರೆ ಕಡೆ ಇಡುವ ಯೋಚನೆ ಮಾಡಲು ಇದೊಂದು ಕಾರಣ.

“ಜಮಾ ಆಗದ ಪ್ರಯಾಣಕ್ಕೆ ಗಡುವಿನೊಳಗೆ ಅರ್ಜಿ ಸಲ್ಲಿಸತಕ್ಕದ್ದು.”

ಬೋರ್ಡಿಂಗ್ ಪಾಸನ್ನು ಮೈಲಿ ಜಮಾ ಆಗುವವರೆಗೆ ಎಸೆಯಬೇಡಿ. ಹದಿಮೂರು ಅಂಕಿಯ ಟಿಕೆಟ್ ಸಂಖ್ಯೆ ಕೇಳುತ್ತಾರೆ. ಏರ್ ಇಂಡಿಯಾದ್ದು 098ರಿಂದ, ಸಿಂಗಪುರದ್ದು 618ರಿಂದ ಶುರು. ಪಿಎನ್‌ಆರ್ ಬರೆದು ಕಳಿಸಿದರೆ ಸಾಲದು.

“ಕಂಪನಿ ಯೋಜನೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಲ್ಲಿಸಬಹುದು.”

ಬೆಂಗಳೂರಿನವರಿಗೆ ಈ ಸಾಲಿಗೆ ಟೀಕೆ ಬೇಕಿಲ್ಲ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ನೆಲ ಹಿಡಿದಾಗ ಕಿಂಗ್ ಕ್ಲಬ್ಬಿನ ಮೈಲಿಗಳೂ ಅದರ ಜೊತೆಗೇ ಹೋದವು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಹಾಗಾಗಲಿಲ್ಲ: ಅದರ ಮೈಲಿ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯಾಗಿತ್ತು, ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಉಳಿಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋದಾಗ ಪಾಯಿಂಟುಗಳು ಒಂದಕ್ಕೊಂದರಂತೆ ಹೊಸ ಖಾತೆಗೆ ಬಂದವು. ಮುಚ್ಚುವುದು ಅಪರೂಪ, ಸದ್ದಿಲ್ಲದೆ ನಡೆಯುವುದು ಬೆಲೆ ಇಳಿಕೆ. ನಿನ್ನೆಯ ಮೈಲಿಗೆ ಸಿಗುತ್ತಿದ್ದ ಸೀಟಿಗೆ ಇವತ್ತು ಇನ್ನಷ್ಟು ಬೇಕು. ಅದರ ಮೇಲೆ ಅವಧಿ ಬೇರೆ. ಕ್ರಿಸ್‌ಫ್ಲೈಯರ್ ಮೈಲಿಗೆ ಮೂರು ವರ್ಷ ಆಯಸ್ಸು.

ಖರ್ಚು ಮಾಡಲು ಹೊರಟಾಗಲೂ ತೆರಿಗೆ, ಕೆಲವು ಕಡೆ ಇಂಧನದ ಸರ್‌ಚಾರ್ಜ್ ಕೈಯಿಂದಲೇ ಕೊಡಬೇಕು. ಮೈಲಿಗೆ ಕೊಡುವ ಸೀಟುಗಳು ಕೆಲವೇ, ತೆರೆಯುವುದು ಸುಮಾರು ಒಂದು ವರ್ಷ ಮೊದಲು. ಮಗಳ ಊರಿಗೆ ಬೇಸಿಗೆ ರಜೆಯಲ್ಲಿ ಹೋಗುವುದಿದ್ದರೆ ಹಿಂದಿನ ಬೇಸಿಗೆ ಮುಗಿಯುವುದರೊಳಗೆ ಹುಡುಕಲು ಕೂರಿ.